ಹದಿನಾಲ್ಕು ಹಾಳಿ

ಜತ್ತದ ಕಚೇರಿಯಿಂದ ಬಂದವನು
ಪಂಚಾಯ್ತಿ ಗೋಡೆಗೆ ಯಾದಿ ಹಚ್ಚಿ ಹೋದ:
ಹದಿನಾಲ್ಕು ಹಾಳಿ, ಎಲ್ಲ ಮರಾಠಿ.
ಅಂಟು ಆರುವ ಮೊದಲೇ ಆಡೊಂದು ಮೂಲೆ ನೆಕ್ಕುತ್ತಿತ್ತು.
‘ನೀ ಕಲಿತಾಕಿ, ಓದವಾ’ ಅಂದರು. ಓದಿದೆ.

ಅನುದಾನ ಅವರಲ್ಲೂ ಅನುದಾನವೇ,
ಬಿಡಿಸಿ ಹೇಳುವ ತ್ರಾಸಿಲ್ಲ.
ಹೆಸರುಗಳೇ ಪರವೂರಿಗೆ ಹೋಗಿ ಬಂದಂತಿದ್ದವು.
‘ಕಾಶೀಬಾಯಿ ಅಂದ್ರ ಯಾರ?’
ಕಾಶವ್ವನೇ ಕೇಳಿದಳು. ನಕ್ಕರು. ನಾನೂ.

ಸಾತಗೊಂಡ ಬಿರಾದಾರ, ಎರಡು ಹೆಕ್ಟೇರ್,
ಠಿಬಕ ಪೈಪು, ಒಂದು ಲಕ್ಷ ಹನ್ನೆರಡು ಸಾವಿರ.
ಆ ಹೊಲದಲ್ಲಿ ನಾನೇ ಕುರಿ ಬಿಟ್ಟಿದ್ದೇನೆ;
ಮರಡಿ, ಮುಳ್ಳು, ಒಂದು ಬೇವು.
ಯಾರೋ ತಂಬಾಕು ಉಗುಳಿದರು, ಅಷ್ಟೇ.
ಬಾವಿಯೇ ಇಲ್ಲದ ಮಾನಿಂಗನ ಹೆಸರಿಗೂ ಪೈಪು.
ಮಾನಿಂಗ ಕೊರಳು ಉದ್ದ ಮಾಡಿ ನೋಡಿದ,
ತನಗೂ ಓದಲು ಬಂದೀತು ಎನ್ನುವಂತೆ.

ಒಂಬತ್ತನೆಯ ಹಾಳಿ, ಕೆಳಗಿನಿಂದ ಮೂರನೆಯ ಸಾಲು:
ಮಲಕಾರಿ ಸಿದರಾಯ ಪೂಜಾರಿ. ಒಂದು ಎಕರೆ.
ಇಪ್ಪತ್ತೆರಡು ಸಾವಿರದ ನಾನೂರು.

ನಮ್ಮ ಸಜ್ಜೆಯ ಹೊಲದಲ್ಲಿ ಪೈಪು ಕಂಡಿಲ್ಲ.
ಅದೇ ತಿಂಗಳು ಕಂಡದ್ದು ಮಿರಜಿನ ಕಾಲೇಜಿನ ಪಾವತಿ,
ಅಪ್ಪನ ಅಂಗಿ ಕಿಸೆಯಲ್ಲಿ, ನಾಲ್ಕು ಮಡಿಕೆ.
ಇಷ್ಟು ಸ್ವಚ್ಛ ಮರಾಠಿ ಓದಲು
ನಾನು ಕಲಿತದ್ದು ಅಲ್ಲೇ.

ಬಿಡಬಹುದಿತ್ತು ಒಂದು ಸಾಲು. ಬಿಡಲಿಲ್ಲ.
ಬೇಗ ಓದಿದೆ, ಅವರ ಉಚ್ಚಾರದಲ್ಲೇ, ಪರರ ಹೆಸರೆಂಬಂತೆ.
ಈ ಸಲ ‘ಯಾರ’ ಅಂತ ಯಾರೂ ಕೇಳಲಿಲ್ಲ.

ಮುಂದಿನ ಹಾಳಿಗೆ ಒಂದು ಹೆಜ್ಜೆ ಬಲಕ್ಕೆ ಸರಿದೆ.
ಮಂದಿಯೂ ಸರಿಯಿತು.
ಅಪ್ಪ ಒಂಬತ್ತರ ಮುಂದೆಯೇ ನಿಂತಿದ್ದ,
ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು.