ಬಡಿದು ನೋಡಿದರೆ

ಬೆರಳ ಗೆಣ್ಣಿನಿಂದ ಬಡಿದು ನೋಡಿ,
ಡಬ್ ಅನ್ನುತ್ತದೆ. ಕಲ್ಲು ಹಾಗನ್ನುವುದಿಲ್ಲ.
ಹಡಗಿನ ಹೊಟ್ಟೆಗೆ ಭಾರಕ್ಕೆಂದು ತುಂಬಿ ತಂದ
ಒರೆಗಾನಿನ ಪೈನ್ ಮರ ಇದು.
ಎಂಟು ಕಂಬ, ಒಳಗೆಲ್ಲ ಟೊಳ್ಳು,
ಮೇಲೆ ಇಟಲಿಯ ಹಾಲುಗಲ್ಲಿನ ವೇಷ.

ಆ ವೇಷ ಕಳಚದಂತೆ ನೋಡಿಕೊಳ್ಳುವುದು ನನ್ನ ಕೆಲಸ.
ಬಾತುಕೋಳಿಯ ಗರಿ, ಬೂದು ಬಣ್ಣ, ಒಂದು ತೊಟ್ಟು ಅಗಸೆಯೆಣ್ಣೆ;
ಉಸಿರು ಹಿಡಿದು ಗರಿಯ ತುದಿ ನಡುಗಿಸಿದರೆ
ಮರದ ಮೈಮೇಲೆ ಕಲ್ಲಿನ ನರ ಏಳುತ್ತದೆ.
ಮೊದಲು ಬರೆದವನದು ಎಡಗೈ,
ನರಗಳೆಲ್ಲ ವಾಲುವುದು ಆ ಕಡೆಗೇ.
ಅವನ ಹೆಸರು ಎಲ್ಲೂ ಇಲ್ಲ.
ಬ್ಯಾಂಕಿನದು ಮಾತ್ರ ಬಾಗಿಲ ಕಮಾನಿನ ಮೇಲೆ
ಹಿತ್ತಾಳೆಯಲ್ಲಿ, ಎರಡು ಅಕ್ಷರ ಉದುರಿವೆ.

ತಲೆಯೆತ್ತಿದರೆ ತಗಡಿನ ದ್ರಾಕ್ಷಿ ಗೊಂಚಲು;
ಹುಲ್ಲೂ ಹುಟ್ಟದ ಅಟಕಾಮದ ಅಂಚಿಗೆ
ಪೆಟ್ಟಿಗೆಯಲ್ಲಿ ಬಂದಿಳಿದ ತೋಟ.
ಮಳೆಯೆಂಬುದು ಇಲ್ಲಿ ಅಜ್ಜಿಯರು ಹೇಳುವ ಸಂಗತಿ.
ಬೆಳಗ್ಗೆ ಕಡಲಿಂದ ಮಂಜು ಮೇಲೇರಿ ಬಂದು
ಏನನ್ನೂ ನೆನೆಸದೆ ಹೋಗುತ್ತದೆ.
ಹಾಗಾಗಿ ಉಳಿಯಿತು ಮರ.
ಗೆದ್ದಲಿಗಷ್ಟೇ ಇನ್ನೂ ಬಾಕಿ ಸಲ್ಲುತ್ತಿದೆ.

ಕಾವಲುಗಾರ ನಿಕಾನೊರ್ ಟೀ ತಂದಿಟ್ಟು ಹೇಳುತ್ತಾನೆ:
‘ಎದೆಲ್ಮಿರಾ, ನಂಬಿಕೆಯ ಮನೆಯಂತೆ ಇದು,
ಕಂಬವೇ ಸುಳ್ಳು!’
ನೋಟೂ ಅಷ್ಟೇ ಅಲ್ಲವೇನಯ್ಯ,
ಕಾಗದದ ಮೇಲೆ ಯಾರೋ ಎಳೆದ ನರ.

ಮಂಗಳವಾರ, ಐದನೇ ಕಿಂಡಿಯ ಕೆಳಗೆ
ಹಲಗೆ ಎಬ್ಬಿಸಿದಾಗ ಸಿಕ್ಕಿತು ಬಿಲ್ಲೆ:
ಕರಿಯ ಗಟ್ಟಿ ರಬ್ಬರು, ನಡುವೆ ತೂತು,
ಪೆಟ್ಲುಪ್ಪಿನ ಗಣಿಯಲ್ಲಿ ಒಂದು ದಿನದ ಕೂಲಿ.
ಗಣಿಯ ಅಂಗಡಿ ಬಿಟ್ಟರೆ ಎಲ್ಲೂ ಸಲ್ಲದ ದುಡ್ಡು.
ಮರಳು ದಾಟಿ ಇಲ್ಲಿಯವರೆಗೆ ತಂದಿದ್ದ ಯಾರೋ ಒಬ್ಬ.
ಕಂಬಗಳನ್ನು ಕಂಡು ಟೋಪಿ ತೆಗೆದಿರಬೇಕು.
ಗುಮಾಸ್ತ ಒಂದೇ ಬೆರಳಲ್ಲಿ
ಹಿಂದಕ್ಕೆ ತಳ್ಳಿರಬೇಕು.
ಬಿತ್ತೋ, ಬೀಳಿಸಿ ಹೋದನೋ.

ಕಟ್ಟೆಯ ಮೇಲೆ ಬಡಿದು ನೋಡಿದೆ.
ಡಬ್ ಅಂದಿತು.
ಕಂಬದ್ದೇ ದನಿ.

ಸಿಕ್ಕ ವಸ್ತುಗಳ ಪಟ್ಟಿಯಲ್ಲಿ ‘ಬೆಲೆ’ ಎಂಬ ಕಲಂ ಇದೆ;
ಎರಡು ದಿನದಿಂದ ಖಾಲಿ ಬಿಟ್ಟಿದ್ದೇನೆ.
ಈಗ ಆರನೇ ಕಂಬದ ಸರದಿ.
ಏಣಿ ಹತ್ತಿ, ಬರದ ಎಡಗೈಗೆ ಗರಿ ಕೊಟ್ಟು
ನಿಧಾನ ಎಳೆಯುತ್ತಿದ್ದೇನೆ,
ಅವನವು ವಾಲಿದ ಕಡೆಗೆ.