ತಗ್ಗು

ಮಗ್ಗಲ ಮನಿ ತಸ್ಲೀಮಾ ದಿನಾ ಹತ್ತು ಶಬ್ದ ಬಾಯಿಪಾಠ ಮಾಡತಾಳ,
ನವನಗರದ ನೀರಿನ ಟಾಕಿ ನೆರಳಾಗ.
ನೋಟ್‌ಬುಕ್ಕಿನಾಗ ಮೂರು ಕಾಲಂ:
ಸ್ಪೆಲಿಂಗು, ಅರ್ಥ, ಒಂದು ವಾಕ್ಯ.
ಕೇಳೂದು ನನ್ನ ಕೆಲಸ.
ತಪ್ಪಿದರ ಆಕೀನ ತನ್ನ ತಲಿ ಮೊಟಕಿಕೊಳ್ಳತಾಳ.

"ನಿಮಗ ಎಷ್ಟು ಬರತಾವ ಕಾಕಾ?"
ಬಟ್ಟಿಗೆ ಬರತಾವ, ಬಾಯಿಗೆ ಬರೂದಿಲ್ಲ, ಅಂದೆ.
ಖರೇನ ಹೇಳಿದ್ದು.
ಭೂಸ್ವಾಧೀನ ಕಚೇರಿ ಮುಂದ, ಬೇವಿನ ಬುಡಕ
ಹನ್ನೊಂದು ವರ್ಷ ಟೈಪು ಹೊಡದವ ನಾನು,
ಹಾಳಿಗೆ ನಾಕು ರೂಪಾಯಿ, ಕಾರ್ಬನ್ ಬ್ಯಾರೆ.
ಇನಂಡೇಶನ್, ಎನ್‌ಹಾನ್ಸ್‌ಮೆಂಟ್, ಹಿಯರ್‌ಇನ್‌ಆಫ್ಟರ್,
ಕಣ್ಣು ಮುಚ್ಚಿದರೂ ಒಂದಕ್ಷರ ತಪ್ಪತಿರಲಿಲ್ಲ.
ಮೊದಲನೇದಂದರ ಮುಳುಗಡಿ ಅಂತ
ತಿಳಿಯೂ ಹೊತ್ತಿಗೆ ಸಾವಿರ ಸಲ ಹೊಡದಿದ್ದೆ.

ಮಂದಿ ಕನ್ನಡದಾಗ ಮನಿ ಹೇಳತಿದ್ದರು,
ನಾನು ಇಂಗ್ಲಿಷಿನಾಗ ಇಳಸತಿದ್ದೆ.
ಪಡಸಾಲಿ ಹಾಲ್ ಆತು. ಬೆಳಕಿಂಡಿ ವೆಂಟಿಲೇಟರ್ ಆತು.
ದೇವರ ಮನಿ, ಅಡಗಿ ಮನಿ, ಬಾಣಂತಿ ಕೋಣಿ,
ಎಲ್ಲಾ ರೂಮ್.

ಗುರುಬಸವ್ವ ಮುಚಖಂಡಿ ಬಂದಳು, ಸೆರಗಿನ ಗಂಟಿನಾಗ ಚಿಲ್ಲರೆ.
"ಹಗೇವು ಬರಿಯೋ ಯಪ್ಪಾ,
ಹನ್ನೆರಡು ಚೀಲ ಜ್ವಾಳ ಹಿಡೀತಿತ್ತು,
ನಮ್ಮ ಮಾವ ಕಲ್ಲಿಲೆ ಕಟ್ಟಿಸಿದ್ದು."
ತಲಿ ಹುಡುಕಿದೆ, ಇರಲಿಲ್ಲ.
ಡಿಕ್ಷನರಿ ಮನ್ಯಾಗಿತ್ತು. ಆಕಿ ಹಿಂದ ಎಂಟು ಮಂದಿ ಪಾಳಿ.
ಹೊಡದೆ: ಪಿ, ಐ, ಟಿ.

ಸಾಹೇಬರು ಓದಿದರು: ತಗ್ಗು.
ತಗ್ಗಿಗೆ ಯಾರು ರೊಕ್ಕ ಕೊಡತಾರ?
ಕೆಂಪು ಗೆರಿ.
ಆಕಿ ನನ್ನ ಬೈಯಲಿಲ್ಲ. ಬೈಯಾಕ
ಆಕಿಗೆ ಗೊತ್ತಾಗಬೇಕಲ್ಲ.

ಇವತ್ತಿನ ಏಳನೇ ಶಬ್ದ ಸಬ್‌ಟೆರೇನಿಯನ್.
ನೆಲದೊಳಗಿನದು, ಅಂದಳು ತಸ್ಲೀಮಾ ಗಟಗಟ.
ವಾಕ್ಯ: ರಾಜನ ಸಬ್‌ಟೆರೇನಿಯನ್ ಗ್ರ್ಯಾನರಿಯೊಳಗ ಗೋದಿ ಇತ್ತು.
"ಗ್ರ್ಯಾನರಿ?"
"ಕಾಳು ಇಡೂ ಜಾಗ, ಮೊನ್ನೆ ಬಂದಿತ್ತಲ್ರಿ."
ಮತ್ತೊಮ್ಮೆ ಹೇಳವಾ. ಹೇಳಿದಳು.
ಮತ್ತೊಮ್ಮೆ.
"ತಪ್ಪಾತೇನ್ರಿ ಕಾಕಾ?"
ಇಲ್ಲ. ಬರೋಬ್ಬರಿ ಐತಿ.

ಎರಡs ಶಬ್ದ.
ಮಷೀನು ಅಟ್ಟದ ಮ್ಯಾಲೈತಿ, ರಿಬ್ಬನ್ ಒಣಗೇತಿ,
ಅದರ ಜೀ ಅಕ್ಷರ ಯಾವಾಗಲೂ ಗೆರಿ ಬಿಟ್ಟು ಮ್ಯಾಲ ಹಾರತಿತ್ತು.
ಗುರುಬಸವ್ವ ಈಗ ಯಾವ ಸೆಕ್ಟರೋ,
ಇದ್ದಾಳೋ ಇಲ್ಲೋ.

ನೋಟ್‌ಬುಕ್ ಇಸಗೊಂಡು, ಹತ್ತನೇದರ ಕೆಳಗ
ಕನ್ನಡದಾಗ ಬರದೆ: ಹಗೇವು.
"ಅರ್ಥ?"
ಈಗ ಹೇಳಿದೆಲ್ಲ, ಆ ಎರಡೂ ಕೂಡಿಸು.
"ವಾಕ್ಯ?"
ಮೊದಲು ದೀಪ ಇಳಿಬಿಡು.
ಅದು ಆರಲಿಲ್ಲಂದರ
ನೀ ಇಳಿ.