ನವೀಕರಣ

ಹುಚ್ಚೇಗೌಡ ಬಿನ್ ಲೇಟ್ ಸಣ್ಣೇಗೌಡ.
ಗುಮಾಸ್ತ ಹೆಸರು ಓದಿ ತುಟಿ ಕಚ್ಚಿಕೊಂಡ.
ನಗು ಬಂದರೆ ನಕ್ಕುಬಿಡಿ ಸ್ವಾಮಿ, ಎಂದೆ,
ಪಲ್ಟನ್ನಿನಲ್ಲಿ ಕನ್ನಡ ಬಲ್ಲವರೆಲ್ಲ ನಕ್ಕಾಗಿದೆ.

ನನಗಿಂತ ಮುಂಚೆ ಮೂರು ಕೂಸು ಮಣ್ಣು ಸೇರಿದ್ದವು.
ನಾಲ್ಕನೆಯದಾದರೂ ಉಳಿಯಲೆಂದು ಅಜ್ಜಿ
ತಿಪ್ಪೆಯ ಮೇಲೆ ಮಲಗಿಸಿ, ಮೊರದಲ್ಲಿ ಎತ್ತಿಕೊಂಡು
ಹುಚ್ಚ ಅಂತ ಕರೆದಳು.
ಜವರಾಯ ಬಂದರೂ ಹೆಸರು ಕೇಳಿ
ಇದು ಯಾತಕ್ಕೂ ಬಾರದ್ದು ಅಂತ ವಾಪಸು ಹೋಗಲಿ.
ಹೋದ. ಐವತ್ತಾರು ವರ್ಷವಾಯಿತು.
ಈಗ ಡಿ.ಸಿ. ಆಫೀಸಿನ ಕಿಟಕಿಯಲ್ಲಿ
ಅವನದೇ ಪ್ರಶ್ನೆ, ಅಚ್ಚಾದ ಅಕ್ಷರದಲ್ಲಿ:

ಅರ್ಜಿದಾರರು ಎಂದಾದರೂ ಮಾನಸಿಕ ಕಾಯಿಲೆಗೆ
ಚಿಕಿತ್ಸೆ ಪಡೆದಿದ್ದಾರೆಯೇ? ಹೌದು. ಇಲ್ಲ.
ಎರಡು ಚೌಕ, ಒಂದೊಂದೂ ಹೆಸರುಕಾಳಿನಷ್ಟು.

ಪಡೆದಿದ್ದೇನೆ. ಮೂವತ್ತೊಂದು ದಿನ.
ಹಿಮದ ಪೋಸ್ಟಿನಲ್ಲಿ ತಂತಿ ಕಡಿದ ಟೆಲಿಫೋನು
ನನಗೊಬ್ಬನಿಗೇ ರಿಂಗಾಗುತ್ತಿತ್ತು.
ಎತ್ತಿದರೆ ಆ ಕಡೆಯಿಂದ ಈರಭದ್ರ:
ಟೀ ಆಯ್ತೇನೋ ಗೌಡ?
ಅವನು ಸತ್ತು ಒಂಬತ್ತು ದಿನವಾಗಿತ್ತು.
ಇನ್ನೂ ಇಲ್ಲ, ನಿಂದು? ಅನ್ನುತ್ತಿದ್ದೆ ನಾನು.
ಜಮ್ಮುವಿನಲ್ಲಿ ಗುಳಿಗೆ ಕೊಟ್ಟರು, ರಿಂಗು ನಿಂತಿತು.
ನಿಂತದ್ದನ್ನೂ ಬರೆದಿದ್ದಾರೆ, ಹಿಂದಿನ ಪುಟದಲ್ಲಿ.
ಫೈಲಿನಲ್ಲಿರುವುದು ಮುಂದಿನ ಪುಟದ ಜೆರಾಕ್ಸು.

ಬಿ.ಎಂ. ರಸ್ತೆಯ ಚಿನ್ನದ ಸಾಲದ ಬಾಗಿಲಲ್ಲಿ
ಹದಿನಾಲ್ಕು ವರ್ಷ ಜೋಡಿನಳಿಗೆ ಹಿಡಿದು ನಿಂತಿದ್ದೇನೆ.
ಅರ್ಧ ಹಾಸನದ ಓಲೆ, ಬಳೆ, ಬಿಡಿಸಿಕೊಳ್ಳಲಾಗದ ತಾಳಿ
ನನ್ನ ಬೆನ್ನ ಹಿಂದೆ.
ಒಂದು ಗುಂಡು ಹಾರಿಸಿಲ್ಲ. ಒಳಗೆ ನುಗ್ಗಿದ ಹಸುವೊಂದನ್ನು
ಕೋವಿಯ ಹಿಡಿಕೆಯಿಂದ ತಳ್ಳಿದ್ದುಂಟು.
ಕೋವಿ ಇಲ್ಲದ ಗಾರ್ಡು ನಮಗೆ ಬೇಡ, ಎಂದಿದ್ದಾರೆ ಮ್ಯಾನೇಜರು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ, ನನ್ನ ಮಗಳ ವಯಸ್ಸು,
ನೂರರಿಂದ ಏಳೇಳು ಕಳೆಯುತ್ತ ಬನ್ನಿ, ಅಂದಳು.
ತೊಂಬತ್ತಮೂರು. ಎಂಬತ್ತಾರು. ಎಪ್ಪತ್ತೊಂಬತ್ತು.
ಎರಡಕ್ಕೆ ಬಂದು ನಿಂತೆ. ಮುಂದೆ?
ಮುಂದೆ ಸಾಲ ಮಾಡಬೇಕು ತಾಯಿ, ಅಂದೆ.
ನಕ್ಕಳು. ಸಹಿ ಮಾಡಲಿಲ್ಲ.
ನಾಳೆ ಏನಾದರೂ ಆದರೆ ಎಲ್ಲರೂ ನೋಡುವುದು ನನ್ನ ಸಹಿ, ಅಂದಳು.
ಅವಳ ಕುರ್ಚಿಯಲ್ಲಿ ಕೂತಿದ್ದರೆ
ನಾನೂ ಪೆನ್ನು ಮುಚ್ಚುತ್ತಿದ್ದೆನೋ ಏನೋ.

ಪೆನ್ಷನ್ ಮೊಹಲ್ಲಾದ ಮನೆಯಲ್ಲಿ
ಆ ಹಿಂದಿನ ಪುಟಕ್ಕಾಗಿ ಟ್ರಂಕು ತೆಗೆದೆ.
ತಳದಲ್ಲಿ ಹಾಲಿನ ಲೆಕ್ಕದ ಕ್ಯಾಲೆಂಡರುಗಳ ಕಟ್ಟು.
ಪ್ರತಿ ತಾರೀಖಿನ ಮೂಲೆಯಲ್ಲೂ ಪೆನ್ಸಿಲಿನಲ್ಲಿ
೧೦. ೧೦. ೧೦.
ನಾವು ಹತ್ತು ಲೀಟರು ಹಾಲು ಕೊಂಡದ್ದು ಯಾವಾಗ?
ಆಮೇಲೆ ಹೊಳೆಯಿತು.
ಹುರುಳಿ ಡಬ್ಬದಲ್ಲಿ ನನ್ನ ತೋಟಾ ಹತ್ತು.
ನನಗೆ ನಿದ್ದೆ ಹತ್ತಿದ ಮೇಲೆ ಮಂಗಳ
ದಿನವೂ ಎದ್ದು ಎಣಿಸುತ್ತಿದ್ದಳು.

ಕೋಪ ಬಂತು. ತಿರುವುತ್ತಾ ಹೋದೆ.
ಒಂದು ಆಷಾಢದಲ್ಲಿ ನಾಲ್ಕು ಮನೆ ಖಾಲಿ.
ಆ ನಾಲ್ಕು ದಿನ ನನಗೆ ಗೊತ್ತು.
ಅಡುಗೆಮನೆಯ ಗೋಡೆಯೊಳಗೆ ರಿಂಗಾದ ಹಾಗಾಗಿ
ಕೋವಿ, ತೋಟಾ ಎರಡನ್ನೂ ಗೋಣಿಯಲ್ಲಿ ಸುತ್ತಿ
ನಾನೇ ಸ್ಟೇಷನ್ನಿಗೆ ಹೊತ್ತು, ಇಟ್ಟುಕೊಳ್ಳಿ ಅಂದಿದ್ದೆ.
ಎಲೆಕ್ಷನ್ನೇ ಇಲ್ಲವಲ್ಲೋ, ಅಂದ ಹೆಡ್ ಕಾನ್‌ಸ್ಟೇಬಲ್ಲು.
ರಸೀತಿ ಬರೆಯಲಿಲ್ಲ.
ಮನೆಯಲ್ಲಿ ರಿಪೇರಿಗೆ ಕೊಟ್ಟೆ ಎಂದಿದ್ದೆ.
ಐದನೇ ಮನೆಯಲ್ಲಿ ಮತ್ತೆ ಹತ್ತು,
ಪಕ್ಕದಲ್ಲಿ ಅವಳ ಸೊಟ್ಟ ಅಕ್ಷರ:
ನಿದ್ದೆ ಮಾಡಿದರು.

ಸೋಮವಾರ ‘ಹೌದು’ ಎಂಬ ಚೌಕಕ್ಕೆ ಗೀಟು ಎಳೆದೆ.
ಬೇರೆ ದಾಖಲೆ ಏನಾದರೂ ಉಂಟೋ, ಅಂದ ಗುಮಾಸ್ತ.
ಚೀಲದಲ್ಲಿತ್ತು, ಆ ಆಷಾಢದ ಸುರುಳಿ.
ಅದು ನನ್ನ ಪರವೋ ವಿರುದ್ಧವೋ
ಹೇಳುವ ವಕೀಲ ಯಾರಿದ್ದಾನೆ.
ಇಲ್ಲ ಸ್ವಾಮಿ, ಅಂದೆ. ಇರುವುದು ಮನೆಯದ್ದು.

ಬರುತ್ತ ಎನ್.ಆರ್. ಸರ್ಕಲ್ಲಿನಲ್ಲಿ
ಒಂದು ಪೆನ್ಸಿಲು ಕೊಂಡೆ.
ಅವಳದು ಮೊಂಡಾಗಿತ್ತು.